ಸಂಕದ ಕಲ್ಲಿನ ಅಡಿ ಮಗ್ಗುಲು

ಮಳೆಗಾಲಕ್ಕೆ ಮುಂಚೆ ಅಟ್ಟ ಸ್ವಚ್ಛ ಮಾಡುವುದು ನನ್ನ ಕೆಲಸ. ಸೊಸೆ ಹತ್ತಿದರೆ ಬೇಕಾದ್ದನ್ನೂ ಎಸೆಯುತ್ತಾಳೆ ಎಂದು ನನ್ನ ದೂರು, ನಾನು ಹತ್ತಿದರೆ ಬೇಡವಾದ್ದನ್ನೂ ಇಡುತ್ತೇನೆ ಎಂದು ಅವಳ ದೂರು. ಈ ಸಲ ಗರಟೆ ಚೀಲದ ಹಿಂದೆ ಒಂದು ಅರ್ಧ ಪಾಟಿ ಸಿಕ್ಕಿತು. ಮೊದಲು ಮಕ್ಕಳು ಬರೆಯುತ್ತಿದ್ದ ಕಲ್ಲಿನ ಪಾಟಿ. ಈಗ ಅಂಗಡಿಯಲ್ಲಿ ಬರುವ ಪ್ಲಾಸ್ಟಿಕ್ಕಿನದಲ್ಲ. ಕಟ್ಟಿಗೆಯ ಚೌಕಟ್ಟು ಇರಲಿಲ್ಲ. ಧೂಳು ತೆಗೆಯಲು ಒದ್ದೆ ಬಟ್ಟೆ ಆಡಿಸಿದೆ... ಆ ವಾಸನೆ ಬಂತು. ಒದ್ದೆ ಪಾಟಿಯ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಹಳೆಯ ಬಾವಿಯೊಳಗೆ ಬಗ್ಗಿ ಉಸಿರೆಳೆದ ಹಾಗೆ.

ಪಾಟಿ ಕಂಡರೆ ಎಲ್ಲರಿಗೂ ಶಾಲೆ ನೆನಪಾಗುತ್ತದಂತೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಅಲ್ಲಿಯದು ಹೆಚ್ಚೇನೂ ನೆನಪಿಲ್ಲ. ನೆನಪಾದದ್ದು ನಮ್ಮ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಅಕ್ಕೋರು. ಕಲಿಸುವ ಹೆಂಗಸನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಅವರಿಗೆ ಚೆಂದದ ಹೆಸರೊಂದಿತ್ತು. ಆ ಹೆಸರು ಹಿಡಿದು ನಾನು ಒಂದು ದಿನವೂ ಕರೆಯಲಿಲ್ಲ, ಇಲ್ಲಿ ಬರೆಯುವುದೂ ಬೇಡ.

ನಮ್ಮದು ಮೊದಲು ಚೆಂಡಿಯಾದ ಕಡೆಯ ಊರು. ಆ ಭೂಮಿ ನೌಕಾನೆಲೆಗೆ ಹೋಯಿತು. ನಾವು ತೋಡೂರಿನ ಕಾಲೊನಿಗೆ ಬಂದೆವು. ಹಂಚು, ತೊಲೆ, ಬಾಗಿಲು, ಒರಳು ಎಲ್ಲ ಲಾರಿಯಲ್ಲಿ ತಂದೆವು. ಗದ್ದೆ ತರಲು ಬರುವುದಿಲ್ಲ, ಕಡಲಿನ ಸದ್ದೂ ತರಲು ಬರುವುದಿಲ್ಲ. ಅದಕ್ಕಾಗಿ ನಾನು ಅತ್ತವಳಲ್ಲ. ಹಿತ್ತಲಲ್ಲಿ ಹರಿವೆ, ಬಸಳೆ ಬೆಳೆದು ಕಾರವಾರದ ಆದಿತ್ಯವಾರದ ಸಂತೆಯಲ್ಲಿ ಕೂತು ಮಾರಿದೆ. ಗಂಡ ತೀರಿಹೋದ ಮೇಲೆ ಹೊರಕೋಣೆಯನ್ನು ಬಾಡಿಗೆಗೆ ಕೊಟ್ಟೆ.

ಅಕ್ಕೋರು ಧಾರವಾಡದ ಕಡೆಯವರು. ಕಾರವಾರದ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಕಲಿಸುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ಕಾರವಾರದಲ್ಲೇ ಮನೆ ಹಿಡಿಯುವುದು ಬಿಟ್ಟು ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, ಅಲ್ಲಿಯ ಮಾಲಕರು ಕಲ್ಲು ಒಡೆಯುವ ಬಾಡಿಗೆದಾರರನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಚೇಷ್ಟೆ ಅಂದುಕೊಂಡೆ. ಎರಡು ದಿನ ಕಳೆದ ಮೇಲೆ ಗೊತ್ತಾಯಿತು, ನಿಜ.

ಕಾಲೇಜು ಮುಗಿಸಿ ಬಂದು ಚಹಾ ಕುಡಿದವರೇ ಅಂಗಳದಲ್ಲಿ ಎರಡು ಚಿರೇಕಲ್ಲು ಇಟ್ಟು, ಅವುಗಳ ಮೇಲೆ ಒಂದೊಂದು ಕಬ್ಬಿಣದ ಸರಳು ಮಲಗಿಸಿ, ಸರಳಿನಿಂದ ಸರಳಿಗೆ ಒಂದು ಪಾಟಿ ಅಡ್ಡ ಇಡುವರು. ಪಾಟಿಯ ನಡುವಿಗೆ ಹಗ್ಗ ಹಾಕಿ ಕೆಳಗೆ ಬಕೆಟ್ ತೂಗು ಹಾಕುವರು. ಆಮೇಲೆ ತಂಬಿಗೆಯಿಂದ ಬಕೆಟ್ಟಿಗೆ ನೀರು ಹೊಯ್ಯುವುದು. ಹೊಯ್ಯುತ್ತ ಹೊಯ್ಯುತ್ತ ಒಂದು ಗಳಿಗೆಗೆ ಟಪ್ ಅಂತ ಪಾಟಿ ಎರಡಾಗುವುದು, ಬಕೆಟ್ ಉರುಳುವುದು, ಅಂಗಳ ಕೆಸರಾಗುವುದು. ಅವರು ಆ ಚೂರುಗಳನ್ನು ಎತ್ತಿ, ಬಾಯಿ ಬಿಟ್ಟ ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುವರು.

ನನಗೆ ಸೇರಲಿಲ್ಲ. ಪಾಟಿ ಅಂದರೆ ಸರಸ್ವತಿ, ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವವರು ನಾವು. "ಅಕ್ಕೋರೆ, ವಿದ್ಯೆ ಕಲಿಸೂ ಹೆಂಗ್ಸು ವಿದ್ಯೆಯನ್ನೇ ಒಡೀತ್ರಲ್ಲ" ಎಂದೆ.

"ಅಮ್ಮಾರ, ಸಿಟ್ಟಿಗೆ ಒಡಿಯೂದಲ್ರೀ. ಹೆಂಗ ಒಡೀತದ ಅಂತ ನೋಡಾಕ ಒಡಿಯೂದು."

"ಒಡದ ಮೇಲೆ ನೋಡೂಕೆ ಎಂತ ಉಳೀತದೆ?"

ಅವರು ನಕ್ಕರು. ಒಳಗೆ ಹೋಗಿ ಊರಿಂದ ತಂದ ಖಡಕ್ ರೊಟ್ಟಿ ತಂದರು. ಎರಡೂ ಕೈಯಲ್ಲಿ ಅಂಚು ಹಿಡಿದು ಮೆಲ್ಲಗೆ ಬಗ್ಗಿಸಿದರು. ಬಗ್ಗಿದ ರೊಟ್ಟಿಯ ಮೇಲಿನ ಮೈ ಒತ್ತಿಕೊಳ್ಳುತ್ತದೆ, ಅಡಿಯ ಮೈಯನ್ನು ಯಾರೋ ಎರಡೂ ಕಡೆಯಿಂದ ಎಳೆದ ಹಾಗಾಗುತ್ತದೆ. ಕಲ್ಲು, ಪಾಟಿ, ಗಾಜು, ಹಂಚು... ಇವಕ್ಕೆಲ್ಲ ಒತ್ತಿದರೆ ತಡೆಯುವ ಶಕ್ತಿ ಬಹಳ, ಎಳೆದರೆ ತಡೆಯುವ ಶಕ್ತಿ ಇಲ್ಲ. ಅದಕ್ಕೇ ಭಾರ ಬೀಳುವುದು ಮೇಲೆ, ಬಾಯಿ ಬಿಡುವುದು ಅಡಿಯಲ್ಲಿ. ಕಬ್ಬಿಣ ಮುರಿಯುವ ಮುಂಚೆ ಬಾಗುತ್ತದೆ, ಬಿದಿರು ಕಿರುಗುಟ್ಟುತ್ತದೆ. ಇವು ಮಾತ್ರ ಏನೂ ಹೇಳುವುದಿಲ್ಲ. ರೊಟ್ಟಿ ಚಟ್ಟನೆ ಮುರಿಯಿತು. ಚಹಾದ ಜೊತೆ ತಿಂದೆವು. ಮುರಿದ ಮೇಲೆ ತಿನ್ನಲು ಬರುವ ಪಾಠ ಒಳ್ಳೆಯದು.

ದಿನ ಹೋದಂತೆ ತಂಬಿಗೆ ನನ್ನ ಕೈಗೆ ಬಂತು. ಅವರು ಬಗ್ಗಿ ಕೂತು ನೋಡುವರು, ನಾನು ನೀರು ಹೊಯ್ಯುವೆ. ಒಂದೇ ಅಂಗಡಿಯ ಪಾಟಿ, ಒಂದೇ ದಪ್ಪ. ಆದರೂ ಒಂದು ಅರ್ಧ ಬಕೆಟ್ಟಿಗೇ ಹೋಗುತ್ತಿತ್ತು, ಇನ್ನೊಂದು ತುಂಬಿದ ಬಕೆಟ್ಟಿನ ಮೇಲೆ ಕಲ್ಲು ಹೇರಿದರೂ ಕೂತಿರುತ್ತಿತ್ತು. ಅಡಿಯ ಮೈಯಲ್ಲಿ ಎಲ್ಲೋ ಕಣ್ಣಿಗೆ ಕಾಣದ ಗೀರು ಇರುತ್ತದಂತೆ; ಅಲ್ಲಿಂದ ಬಾಯಿ ಬಿಡುತ್ತದಂತೆ. ನೂರು ಪಾಟಿಗೆ ಇಷ್ಟು ಭಾರ ಹಾಕಿದರೆ ಸುಮಾರು ಎಷ್ಟು ಮುರಿದಾವು ಎಂದು ಅವರು ಹೇಳಬಲ್ಲರು. ಯಾವ ಪಾಟಿ ಮುರಿಯುತ್ತದೆ ಎಂದು ಹೇಳಲಾರರು. ಅದನ್ನೇ ಬರೆದು ಡಾಕ್ಟರ್ ಪದವಿ ಮಾಡುವುದಿತ್ತು ಅವರಿಗೆ.

ಜನರ ಬಾಳೂ ಪಾಟಿಯ ಹಾಗೇ ಎಂದು ಯಾರಾದರೂ ಹೇಳಬಹುದು. ನಾನು ಹೇಳುವುದಿಲ್ಲ. ಪಾಟಿ ಪಾಟಿಯೇ.

ಈಗ ಸಂಕದ ಕಲ್ಲಿನ ಸಂಗತಿ ಹೇಳಬೇಕು. ನಮ್ಮ ಹಳೆಯ ಊರಿನ ಬಾಯಿಗೆ ಒಂದು ನೀರಿನ ಕಾಲುವೆ ಇತ್ತು, ಅದನ್ನು ದಾಟಲು ಸಂಕ, ಅಂದರೆ ಕಾಲುಸೇತುವೆಯಾಗಿ ಒಂದೇ ಉದ್ದನೆಯ ಕರಿಗಲ್ಲಿನ ಚಪ್ಪಡಿ. ನಮ್ಮಲ್ಲಿಗೆ ಬಂದ ಸೊಸೆಯಂದಿರೆಲ್ಲ ಅದರ ಮೇಲೆ ಹಾದು ಬಂದವರು. ಮದುವಣಗಿತ್ತಿ ಸಂಕದ ನಡುವೆ ನಿಲ್ಲಬೇಕು; ಅತ್ತೆಯಾದವಳು ಆರತಿ ನಿವಾಳಿಸಿ, ಕಲ್ಲಿನ ಮೇಲೇ ಕಾಯಿ ಒಡೆದು, ಕೈ ಹಿಡಿದು ಈಚೆ ಕರೆದುಕೊಳ್ಳಬೇಕು. ನಾನೂ ಹಾಗೇ ಬಂದವಳು, ನನ್ನ ಅತ್ತೆಯೂ ಹಾಗೇ ಬಂದವಳು. ಊರು ಬಿಡುವಾಗ ಗಂಡಸರು ಆ ಕಲ್ಲನ್ನೂ ಲಾರಿಗೆ ಏರಿಸಿದರು. ಇಲ್ಲಿ ಕಾಲೊನಿಗೂ ರಸ್ತೆಗೂ ನಡುವೆ ಮಳೆನೀರಿನ ಗಟಾರವಿತ್ತು, ಅದಕ್ಕೆ ಅಡ್ಡ ಹಾಕಿದರು. ಹಳೆಯ ಕಾಲುವೆ ಒಂದು ಹಾರಿಗೆ ದಾಟುವಷ್ಟು ಸಣ್ಣದು. ಈ ಗಟಾರ ಅಗಲ. ಕಲ್ಲಿನ ಎರಡು ತುದಿಗಳು ಆಚೆಗೊಂದು ಗೇಣು ಈಚೆಗೊಂದು ಗೇಣು ಕೂತವು, ಅಷ್ಟೇ. ಸಾಕಾಯಿತಲ್ಲ ಅಂದರು.

ಒಂದು ಬೇಸಿಗೆಯಲ್ಲಿ ಅಕ್ಕೋರ ಕೈಯಿಂದ ಪಾಟಿಯ ಕಟ್ಟು ಜಾರಿ ಗಟಾರಕ್ಕೆ ಬಿತ್ತು. ಒಣ ಗಟಾರ, ಇಳಿದರು. ಎತ್ತಿಕೊಂಡು ನೆಟ್ಟಗಾಗುವಾಗ ತಲೆ ಸಂಕಕ್ಕೆ ಬಡಿಯಿತೋ ಏನೋ, ಮೇಲೆ ನೋಡಿದರು. ಕಲ್ಲಿನ ಅಡಿ ಮಗ್ಗುಲಲ್ಲಿ, ಸರಿಯಾಗಿ ನಡುವಿಗೆ, ಈ ಅಂಚಿನಿಂದ ಆ ಅಂಚಿಗೆ ಸಾಲಾಗಿ ಉಳಿಯ ಗುಳಿಗಳು. ಯಾವುದೋ ಕಾಲದಲ್ಲಿ ಕಲ್ಲುಕುಟಿಗರು ಆ ಚಪ್ಪಡಿಯನ್ನು ಎರಡು ಮಾಡಲು ಶುರು ಮಾಡಿ, ಯಾಕೋ ಕೈಬಿಟ್ಟಿದ್ದರು.

ಅವತ್ತು ಅವರು ಚಹಾ ಕುಡಿಯಲಿಲ್ಲ. "ಅಮ್ಮಾರ, ಈ ಕಾಲೊನಿ ಹಿರಿಯರು ಯಾರ್ರಿ? ನನ್ನ ಕರಕೊಂಡು ಹೋಗ್ರಿ" ಎಂದರು.

ಊರಿನ ನ್ಯಾಯ, ಪೂಜೆ ನೋಡುವವನಿಗೆ ನಮ್ಮಲ್ಲಿ ಬುಧವಂತ ಅನ್ನುತ್ತಾರೆ. ಅವನ ಜಗಲಿಗೆ ಕರೆದುಕೊಂಡು ಹೋದೆ. ಅಲ್ಲಿ ನಾಲ್ಕು ಮಂದಿ ಗಂಡಸರು ಎಲೆಯಡಿಕೆ ಹಾಕುತ್ತ ಕೂತಿದ್ದರು. ಅಕ್ಕೋರು ನಿಂತೇ ಹೇಳಿದರು: ಗುಳಿಗಳ ಸಾಲು ಅಡಿಯಲ್ಲಿದೆ, ಕಲ್ಲು ಎಳೆತ ತಿನ್ನುವ ಕಡೆಯಲ್ಲೇ ಇದೆ. ಹಳೆಯ ಕಾಲುವೆ ಸಣ್ಣದು, ಅಲ್ಲಿ ತಡೆಯಿತು. ಇಲ್ಲಿ ಗಟಾರ ಅಗಲ, ಅದೇ ಜನ ದಾಟಿದರೂ ಕಲ್ಲಿಗೆ ಬೀಳುವ ಪೆಟ್ಟು ಹೆಚ್ಚು. ಬೇರೇನೂ ಬೇಡ, ಕಲ್ಲನ್ನು ಮಗುಚಿ ಹಾಕಿ. ಗುಳಿ ಮೇಲೆ ಬಂದರೆ ಒತ್ತಿಕೊಳ್ಳುತ್ತದೆ, ಬಾಯಿ ಬಿಡುವುದಿಲ್ಲ.

ಬುಧವಂತ ಕೆಟ್ಟವನಲ್ಲ. ಪೂರಾ ಕೇಳಿಸಿಕೊಂಡ. "ಅಕ್ಕೋರೆ, ನಮ್ಮ ಮನೆ ಲಕ್ಷ್ಮಿಯರು ಕಾಲಿಟ್ಟ ಮೈ ಅದು. ಅರಿಶಿನ ಬಿದ್ದ ಮೈ. ಅದನ್ನ ಗಟಾರದ ಬದಿಗೆ ಮಾಡೂಕೆ ನನ್ನಿಂದ ಆಗೂದಿಲ್ಲ" ಎಂದ.

"ಹಂಗಾದ್ರ ನಡುವ ಒಂದು ಕಂಬ ಕಟ್ರಿ. ಎರಡು ಕಲ್ಲು ಪೇರಿಸಿದ್ರ ಸಾಕು."

"ಮಳೆಗಾಲದಾಗೆ ಇಲ್ಲಿಯ ನೀರು ನೀವು ನೋಡ್ಲಿಲ್ಲ. ಕಸ ಕಡ್ಡಿ ಆ ಕಂಬಕ್ಕೆ ಸಿಕ್ಕಿ ನೀರು ಮನೆಯೊಳಗೆ ಬತ್ತದೆ."

ಅದೂ ಸುಳ್ಳಲ್ಲ.  ಆಗ ಬುಧವಂತ, ಅಕ್ಕೋರಿಗೆ ಸಮಾಧಾನವಾಗಲಿ ಅಂತಲೇ ಇರಬೇಕು, ಒಂದು ಮಾತು ಕೇಳಿದ. "ಮುರೂದು ಯಾವಾಗ? ದಿವಸ ಹೇಳಿ. ಆ ದಿವಸ ನಾವು ಯಾರೂ ಸಂಕ ದಾಟೂದಿಲ್ಲ."

"ದಿವಸ ಹೇಳಲಿಕ್ಕೆ ಬರೂದಿಲ್ರಿ. ನಾಳೆ ಮುರೀಬಹುದು. ಇಪ್ಪತ್ತು ವರ್ಷ ಇದ್ದರೂ ಇರಬಹುದು."

ಜಗಲಿಯಲ್ಲಿ ಎಲ್ಲರೂ ನಕ್ಕರು. ಮೂಲೆಯಲ್ಲಿದ್ದವನೊಬ್ಬ, "ಇಪ್ಪತ್ತು ವರ್ಷಕ್ಕೆ ನಾನೂ ಮುರೀತೆ ಅಕ್ಕೋರೆ, ನನ್ನನ್ನೂ ಮಗುಚಿ ಹಾಕಿ" ಎಂದ. ಜೋಯಿಸರಾದರೆ ದಿನ, ಗಳಿಗೆ ಎಲ್ಲ ಹೇಳುತ್ತಾರೆ. ಇಷ್ಟು ಓದಿದವರು ಗೊತ್ತಿಲ್ಲ ಅಂದರೆ ನಮ್ಮ ಜನಕ್ಕೆ ಅದು ವಿದ್ಯೆಯಾಗಿ ಕಾಣುವುದಿಲ್ಲ.

ಮರುದಿನ ಅಕ್ಕೋರು ಮನಸ್ಸು ತಡೆಯಲಾರದೆ ಅಂಗಳಕ್ಕೆ ಎಲ್ಲರನ್ನೂ ಕರೆದರು. ಎರಡು ಪಾಟಿಗೆ ಮೊಳೆಯಿಂದ ನಡುವೆ ಗೀರು ಎಳೆದರು. ಒಂದನ್ನು ಗೀರು ಮೇಲಾಗಿ ಇಟ್ಟರು, ಇನ್ನೊಂದನ್ನು ಗೀರು ಅಡಿಯಾಗಿ. ನಾನೇ ನೀರು ಹೊಯ್ದೆ. ಗೀರು ಅಡಿಯಿದ್ದದ್ದು ಸ್ವಲ್ಪಕ್ಕೇ ಟಪ್ ಅಂತ ಹೋಯಿತು, ಮೇಲಿದ್ದದ್ದು ಬಕೆಟ್ ತುಂಬಿದರೂ ನಿಂತಿತ್ತು. ಜನ ಚಪ್ಪಾಳೆ ಹೊಡೆದರು, ಜಾದೂ ನೋಡಿದ ಹಾಗೆ. ಹೋಗುತ್ತ ಹೋಗುತ್ತ, "ಪಾಟಿ ಬೇರೆ, ಸಂಕ ಬೇರೆ" ಅಂದರು.

ಅವರನ್ನು ಬೈಯುವುದು ಸುಲಭ. ಆದರೆ ಊರು ಹೋದ ಮೇಲೆ ಎಲ್ಲರಿಗೂ ಸೇರಿ ಉಳಿದಿದ್ದ ವಸ್ತು ಅದೊಂದೇ. ಮನೆ ಅವರವರದು, ಬಾವಿ ಸರ್ಕಾರದ್ದು. ಅಂಥ ಕಲ್ಲಿನ ಮುಖವನ್ನು ಕೆಸರಿಗೆ ಹಾಕಿ ಎಂದು ಘಟ್ಟದ ಮೇಲಿನವರೊಬ್ಬರು ಬಂದು ಹೇಳಿದರೆ ಯಾರು ಕೇಳುತ್ತಾರೆ?

ಅಕ್ಕೋರು ಅವತ್ತಿನಿಂದ ಸಂಕ ದಾಟಲಿಲ್ಲ. ಗದ್ದೆಯ ಬದುವಿನ ಮೇಲೆ ನಡೆದು, ಮೇಲ್ಗಡೆ ಗಟಾರದ ಮೇಲೆ ಕಟ್ಟಿದ್ದ ಮೋರಿ ಸುತ್ತಿ, ರಸ್ತೆ ಸೇರಿ ಬಸ್ಸು ಹಿಡಿಯುವರು. ಸುತ್ತುವಷ್ಟರಲ್ಲಿ ಎಷ್ಟೋ ಸಲ ಬಸ್ಸು ಹೋಗಿಬಿಡುತ್ತಿತ್ತು. ಕಾಲೊನಿಯ ಹುಡುಗರು ಅವರನ್ನು ಕಂಡೊಡನೆ ಸಂಕದ ನಡುವೆ ಹೋಗಿ ಕುಣಿಯುವರು. "ಅಕ್ಕೋರೆ, ಮುರೀಲಿಲ್ಲ! ಇವತ್ತೂ ಮುರೀಲಿಲ್ಲ!" ಅವರ ಮುಖ ಆಗ ಬಿಳುಚಿಕೊಳ್ಳುತ್ತಿತ್ತು. ಹುಡುಗರು ಅದನ್ನು ಅವಮಾನ ಅಂದುಕೊಂಡಿದ್ದರು. ನಾನು ಹತ್ತಿರದಿಂದ ನೋಡಿದವಳು, ಅದು ಹೆದರಿಕೆ.

ಒಂದು ಆದಿತ್ಯವಾರ ಅವರು ಪಾಟಿ ತರಲು ಪೇಟೆಗೆ ಹೊರಟಾಗ, ಹರಿವೆಯ ಬುಟ್ಟಿ ತಲೆಯ ಮೇಲಿಟ್ಟು ನಾನೂ ಅವರ ಹಿಂದೆ ಬದುವಿಗೆ ಇಳಿದೆ. "ನೀವ್ಯಾಕ್ರೀ ಅಮ್ಮಾರ, ಭಾರ ಹೊತ್ತು?" ಎಂದರು.

"ಕಲ್ಲಿನ ಮೇಲೆ ಭಾರ ಹಾಕ್ಬೇಡಿ ಅಂದವ್ರು ನೀವೇ ಅಲ್ಲಾ" ಎಂದೆ.

ಅವರ ಲೆಕ್ಕ ನನಗೆ ಪೂರಾ ತಿಳಿದಿತ್ತು ಎಂದೇನಲ್ಲ. ಒಂದು ಊರಿನಲ್ಲಿ ಒಬ್ಬರೇ ಬೇರೆ ದಾರಿಯಲ್ಲಿ ನಡೆಯುವುದನ್ನು ದಿನಾ ನೋಡಲು ನನಗೆ ಆಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ಮಂಜಿನಲ್ಲಿ ಇಬ್ಬರೂ ಬದುವಿನ ಮೇಲೆ, ಮುಂದೆ ಅವರು, ಹಿಂದೆ ನಾನು. ಮಾತು ಹೆಚ್ಚಿರುತ್ತಿರಲಿಲ್ಲ. ಅವರು ಅಪ್ಪ ಅಮ್ಮನನ್ನು ಕಳೆದುಕೊಂಡವರು, ಒಬ್ಬ ಅಣ್ಣ ಮಾತ್ರ ಇದ್ದ. ನಾನು ಗಂಡನನ್ನು ಕಳೆದುಕೊಂಡವಳು. ಇದನ್ನೆಲ್ಲ ಒಂದು ಸಲ ಹೇಳಿದರೆ ಸಾಕಾಗುತ್ತದೆ, ಮತ್ತೆ ಮತ್ತೆ ಏನು ಹೇಳುವುದು... ಕಪ್ಪೆ ಹಾರಿದರೆ ಅವರು ಬೆಚ್ಚುವರು, ನಾನು ನಗುವೆ. ಅಷ್ಟೇ.

ಆಮೇಲೆ ನನ್ನ ಮಗನ ಮದುವೆ ಗೊತ್ತಾಯಿತು. ಹುಡುಗಿ ಬೇಲೆಕೇರಿಯ ಕಡೆಯವಳು. ಅಕ್ಕೋರಿಗೆ ಆಮಂತ್ರಣ ಕೊಟ್ಟಾಗ ಅವರು ಖುಷಿಪಟ್ಟರು, ಮರುಗಳಿಗೆಗೆ ಕೇಳಿದರು, "ಸಂಕದ ಮ್ಯಾಲೆ ಎಷ್ಟು ಮಂದಿ ನಿಲ್ಲತಾರ್ರೀ?"

ಎಷ್ಟು ಮಂದಿ ಅಂದರೆ ಏನು ಹೇಳಲಿ. ಮದುಮಕ್ಕಳು, ಎರಡೂ ಕಡೆಯ ಆರತಿಯ ಹೆಂಗಸರು, ಹಿಂದೆ ಪಂಚವಾದ್ಯದವರು, ನಡುವೆ ನುಸುಳುವ ಮಕ್ಕಳು. ಮದುವೆ ದಿಬ್ಬಣ ಎಂದರೆ ಸಂಕದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಅದರ ಮೇಲೇ ಕಾಯಿ ಒಡೆಯುವುದು ಬೇರೆ.

ಅವರು ನನ್ನ ಕೈ ಹಿಡಿದುಕೊಂಡರು. ಯಾವತ್ತೂ ಹಾಗೆ ಮಾಡಿದವರಲ್ಲ. "ಪದ್ಧತಿ ಬಿಡ್ರಿ ಅನ್ನೂದಿಲ್ರಿ. ಒಬ್ಬೊಬ್ಬರಾಗಿ ಬರ್ಲಿ. ಕಾಯಿ ಮಾತ್ರ ನೆಲದ ಮ್ಯಾಲೆ ಒಡೀರಿ. ಇಷ್ಟು ಮಾಡ್ರಿ."

ಮದುವೆಯ ದಿನದವರೆಗೂ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅತ್ತೆಯಾಗುವವಳು ನಾನು. ಒಂದು ಕಡೆ ನನ್ನ ಅತ್ತೆ ನನ್ನನ್ನು ಬರಮಾಡಿಕೊಂಡ ರೀತಿ. ಇನ್ನೊಂದು ಕಡೆ ಅರ್ಧ ಬಕೆಟ್ಟಿಗೇ ಹೋದ ಆ ಪಾಟಿಗಳು. ನೀರು ಹೊಯ್ದದ್ದು ಬೇರೆ ಯಾರೂ ಅಲ್ಲ, ನಾನು. ಅವು ಮುರಿಯುವ ಮುಂಚೆ ಒಂದು ಸಣ್ಣ ಸದ್ದೂ ಮಾಡಿರಲಿಲ್ಲ.

ದಿಬ್ಬಣ ವ್ಯಾನಿನಿಂದ ಇಳಿದು ವಾದ್ಯದೊಡನೆ ಗಟಾರದ ಆಚೆ ದಂಡೆಗೆ ಬಂತು. ನಾನು ಈಚೆ ತುದಿಯಲ್ಲಿ ಆರತಿ ಹಿಡಿದು ನಿಂತಿದ್ದೆ. ಜನ ಒಟ್ಟಿಗೇ ಕಲ್ಲು ಹತ್ತಲು ಕಾಲೆತ್ತಿದರು. "ನಿಲ್ಲಿ" ಎಂದೆ. "ಯಾರೂ ಹತ್ತೂಕೆ ಇಲ್ಲ. ಹುಡ್ಗಿ ಒಬ್ಳೇ ಬರ್ಲಿ."

ವಾದ್ಯ ನಿಂತಿತು. ಬುಧವಂತ ಆಚೆಯಿಂದ, "ತಂಗೀ, ಎಂತ ಹೊಸ ಪದ್ಧತಿ ಇದು?" ಎಂದ.

"ಮನೆ ಹೊಸದು, ಪದ್ಧತಿಯೂ ಹೊಸದು" ಎಂದೆ.

ಹುಡುಗಿ ನನ್ನ ಮಗನ ಮುಖ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿಕೊಂಡು ಒಬ್ಬಳೇ ಬಂದಳು. ನಡುವೆ ನಿಂತಳು. ನಾನು ತುದಿಯಿಂದಲೇ ಕೈ ಚಾಚಿ ಆರತಿ ಎತ್ತಿದೆ, ಕಾಯಿಯನ್ನು ದಂಡೆಯ ಕಲ್ಲಿಗೆ ಒಡೆದೆ, ಕೈ ಹಿಡಿದು ಎಳೆದುಕೊಂಡೆ. ಆಮೇಲೆ ಮಗ. ಆಮೇಲೆ ಒಬ್ಬೊಬ್ಬರು. ದಿಬ್ಬಣ ದಾಟುವುದೇ ಮುಗಿಯಲಿಲ್ಲ, ಪಾಯಸ ತಣ್ಣಗಾಯಿತು. "ಕೋಳಿ ಲೆಕ್ಕ ಮಾಡಿ ಗೂಡಿಗೆ ಬಿಡೂ ಹಂಗೆ ಬಿಟ್ಳು ನೋಡು ನಮ್ಮನ್ನ" ಎಂದು ಬೀಗರ ಕಡೆಯ ಮುದುಕಿಯೊಬ್ಬಳು ಎಲ್ಲರಿಗೂ ಕೇಳುವಂತೆ ಅಂದಳು.

ಕಲ್ಲು ಮುರಿಯಲಿಲ್ಲ.

ಅಕ್ಕೋರು ಆಚೆ ರಸ್ತೆಯಲ್ಲಿ, ಎಲ್ಲರ ಹಿಂದೆ ನಿಂತಿದ್ದರು. ಮೋರಿ ಸುತ್ತಿ ಅವರು ಮನೆ ಮುಟ್ಟುವಾಗ ಕೊನೆಯ ಪಂಕ್ತಿ ಏಳುತ್ತಿತ್ತು. ಅಂಗಳದ ಮೂಲೆಯಲ್ಲಿ ಒಂದು ಎಲೆ ಹಾಕಿ ನಾನೇ ಬಡಿಸಿದೆ. ಅವರು ತಲೆ ಎತ್ತದೆ ಉಂಡರು. ಜನ ಹೋಗುತ್ತ ಬರುತ್ತ ಅವರ ಕಡೆ ನೋಡಿ ಪಿಸುಗುಟ್ಟುತ್ತಿದ್ದರು.

ಮೂರು ದಿನ ಕಳೆದ ಮೇಲೆ ಹೊಸ ಸೊಸೆಗೆ ಕಾರಣ ಗೊತ್ತಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು, "ಅತ್ತೆ, ಕಲ್ಲು ಮುರೀತದೆ ಅಂತ ಗೊತ್ತಿದ್ರೆ, ಮೊದ್ಲು ನಿಮ್ಮ ಮಗನ್ನ ಕಳ್ಸೂದು ಬಿಟ್ಟು ನನ್ನೊಬ್ಳನ್ನೇ ಎಂತಕ್ಕೆ ಕಳ್ಸಿದ್ರಿ?"

 ಹೊರಕೋಣೆಯಲ್ಲಿ ಅಕ್ಕೋರು ನಕ್ಕದ್ದು ಕೇಳಿಸಿತು. ಅವರು ಬಾಯಿ ಬಿಟ್ಟು ನಕ್ಕದ್ದನ್ನು ನಾನು ಕೇಳಿದ್ದು ಅದೊಂದು ಸಲ. ಸೊಸೆ ಈಗಲೂ ಜಗಳ ಬಂದಾಗ ಆ ಮಾತು ತೆಗೆಯುತ್ತಾಳೆ.

ಮುಂದಿನ ಮಳೆಗಾಲ ಶುರುವಾಗುವಾಗ ಅವರ ಕಾಲೇಜಿನ ಕೆಲಸ ಮುಗಿಯಿತು. ಅದು ಖಾಯಂ ನೌಕರಿಯಾಗಿರಲಿಲ್ಲ. ಹೊರಡುವ ದಿನ ಸಣ್ಣ ಮಳೆ ಹಿಡಿದಿತ್ತು. ರಿಕ್ಷಾದವನು ಪೆಟ್ಟಿಗೆ, ಪುಸ್ತಕದ ಗಂಟು ಎಲ್ಲ ಹೊತ್ತು ಸಂಕ ದಾಟಿದ. ನಾವಿಬ್ಬರು ಒಂದೇ ಕೊಡೆಯಲ್ಲಿ ಬದು ಹಿಡಿದೆವು. ಕೆಸರಿನಲ್ಲಿ ಅವರ ಚಪ್ಪಲಿ ಕಚ್ಚಿಕೊಂಡಿತು, ನಾನು ಬಗ್ಗಿ ಎಳೆದು ಕೊಟ್ಟೆ. ಆಗ ಅವರು ಒಂದು ಮಾತು ಹೇಳಿದರು.

"ಅಮ್ಮಾರ, ಅದು ಮುರೀಬಾರದು ಅಂತ ದಿನಾ ಬೇಡ್ಕೊಳ್ತೀನ್ರಿ. ಮುರೀದಿದ್ರ ನಾ ಸುಳ್ಳಿ ಆಗ್ತೀನಿ, ಆಗ್ಲಿ. ಮುರದ್ರೂ ಅದರ ಮ್ಯಾಲೆ ಯಾರೂ ಇರಬಾರದು."

ಅವರನ್ನು ರಿಕ್ಷಾ ಹತ್ತಿಸಿ, ಅದು ಅಂಕೋಲೆಯ ಕಡೆ ತಿರುಗುವವರೆಗೆ ನಿಂತು, ಬಂದ ದಾರಿಯಲ್ಲೇ ವಾಪಸು ಬಂದೆ.

ಆಮೇಲೆ ವರ್ಷಕ್ಕೆ ಒಂದೆರಡು ಸಲ ಫೋನ್ ಮಾಡುತ್ತಿದ್ದರು. ದೀಪಾವಳಿಗೆ, 'ಹೊಸ್ತು' ಅಂತ ನಾವು ಹೊಸ ಅಕ್ಕಿ ಉಣ್ಣುವ ದಿನಕ್ಕೆ. ಆರೋಗ್ಯ ಕೇಳುವ ಮುಂಚೆ ಕಲ್ಲಿನದು ಕೇಳುವರು. "ಸಂಕ ಹೆಂಗದ್ರಿ?"

"ಅದೆ."

"ಚಲೋ ಆತು." ಆ ಚಲೋ ಆತು ಅನ್ನುವುದರಲ್ಲಿ ಕಪಟ ಇರಲಿಲ್ಲ. ಆಮೇಲೆ ಮೊಮ್ಮಗಳು ಹುಟ್ಟಿದ್ದು, ನನ್ನ ಮೊಣಕಾಲು, ಅವರ ಡಾಕ್ಟರ್ ಪದವಿ ಸಿಕ್ಕಿದ್ದು... ಡಾಕ್ಟರ್ ಆದಿರಲ್ಲ, ಮೊಣಕಾಲಿಗೆ ಎಂತ ಹಚ್ಚಲಿ ಹೇಳಿ ಎಂದರೆ ಆ ಕಡೆ ಸಣ್ಣಗೆ ನಗು. ನಾನು ಬದು ಸುತ್ತುವುದನ್ನು ಬಿಟ್ಟಿರಲಿಲ್ಲ. ಒಬ್ಬಳೇ ಸುತ್ತುತ್ತಿದ್ದೆ. ಮುದುಕಿಗೆ ಮರುಳು ಅಂದುಕೊಂಡವರು ಅಂದುಕೊಳ್ಳಲಿ. ಹೋದ ವರ್ಷ ಹೊಸ್ತು ಬಂತು, ಫೋನ್ ಬರಲಿಲ್ಲ. ಮರೆತಿರಬೇಕು ಅಂದುಕೊಂಡೆ.

ನವರಾತ್ರಿ ಕಳೆದು ಬಿಸಿಲು ಬಿದ್ದಿತ್ತು. ಮಧ್ಯಾಹ್ನ ನಾನು ಅಂಗಳದಲ್ಲಿ ಒಣಮೀನಿಗೆ ಕಾಗೆ ಕಾಯುತ್ತ ಕೂತಿದ್ದೆ. ಗಟಾರದ ಕಡೆಯಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ತುಂಬಿದ ಕೊಡಪಾನವನ್ನು ಕಲ್ಲಿನ ಮೇಲೆ ಕುಕ್ಕಿದ ಹಾಗೆ. ನನಗೆ ಗೊತ್ತಾಯಿತು. ಕೋಲು ಬಿಟ್ಟು ಹೋದೆ.

ಸಂಕ ಎರಡಾಗಿ, ನಡುವೆ ತಗ್ಗಿ, ಗಟಾರದಲ್ಲಿ ಕೂತಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಒಂದು ನಾಯಿ ಅಲ್ಲಿ ಮಲಗಿತ್ತಂತೆ, ಅದೂ ಎದ್ದು ಹೋಗಿ ಸ್ವಲ್ಪ ಹೊತ್ತಾಗಿತ್ತಂತೆ. ಶಾಲೆ ಬಿಟ್ಟಿರಲಿಲ್ಲ. ನಾನು ಮೆಲ್ಲಗೆ ದಂಡೆಯಿಂದ ಇಳಿದು, ಮುರಿದ ಅಂಚಿನ ಮೇಲೆ ಬೆರಳಾಡಿಸಿದೆ. ಗುಳಿಯಿಂದ ಗುಳಿಗೆ, ಗುಳಿಯಿಂದ ಗುಳಿಗೆ, ಹೊಲಿಗೆ ಬಿಚ್ಚಿದ ಹಾಗೆ ಮುರಿದಿತ್ತು.

ಜನ ಸೇರಿದರು. ಈ ವರ್ಷ ಹೊಸ್ತಿಗೆ ಕಲ್ಲಿಗೆ ಕಾಯಿ ಒಡೆಯಲಿಲ್ಲವಲ್ಲ, ಅದಕ್ಕೇ ಎಂದರು. ಮುಟ್ಟಾದವರು ದಾಟಿರಬೇಕು ಎಂದರು. ಬುಧವಂತ ಈಗ ಬಹಳ ಮುದುಕ, ಕೋಲೂರಿಕೊಂಡು ಬಂದು ನಿಂತ. "ಆಯಸ್ಸು ಮುಗೀತು ಕಲ್ಲಿಂದು" ಎಂದ.

"ಅಕ್ಕೋರು ಹೇಳಿದ್ರಲ್ಲ, ನೆನಪದೆಯಾ?" ಎಂದು ಕೇಳಿದೆ.

"ಯಾವ ಅಕ್ಕೋರು?" ಕೋಲನ್ನು ಇನ್ನೊಂದು ಕೈಗೆ ಬದಲಿಸಿದ. "ಹಾಂ... ಪಾಟಿ ಒಡೆಯೂ ಅಕ್ಕೋರಾ. ಅವ್ರು ನಾಳೆಯೇ ಮುರೀತದೆ ಅಂದಿದ್ರು. ಎಲ್ಲಿ ಮುರೀತು? ಇಷ್ಟು ವರ್ಷ ತಡೀತಲ್ಲ."

ಮುರಿದು ಬಿದ್ದ ಕಲ್ಲಿನ ಎದುರಿಗೇ ನಿಂತು ಅವನು ಹಾಗೆ ಹೇಳಿದ. ಸುತ್ತಲಿನವರು ಹೌದು ಹೌದು ಎಂದರು.  ಮನೆಗೆ ಬಂದು ಸೊಸೆಗೆ ಅಕ್ಕೋರ ನಂಬರ್ ಒತ್ತಲು ಹೇಳಿದೆ.

ಗಂಡಸಿನ ಧ್ವನಿ ಬಂತು. ಅಣ್ಣನಂತೆ. ಅಕ್ಕೋರು ಮಳೆಗಾಲ ಹಿಡಿಯುವಾಗಲೇ ತೀರಿಹೋಗಿದ್ದರು. ಎದೆಯ ಬೇನೆ, ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲವಂತೆ. ಯಾರಿಗೆ ತಿಳಿಸಬೇಕು ಎಂದು ಅಣ್ಣನಿಗೆ ಗೊತ್ತಾಗಲಿಲ್ಲವಂತೆ. ನೀವು ಯಾರು ಎಂದು ಕೇಳಿದರು.

"ಅವರು ಬಾಡಿಗೆಗೆ ಇದ್ದ ಮನೆಯವಳು."

"ಏನರೆ ಹೇಳೂದಿತ್ತೇನ್ರಿ?"

"ಎಂತ ಇಲ್ಲ" ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟೆ. ಮತ್ತೇನು ಹೇಳಲಿ? ನಮ್ಮೂರ ಗಟಾರದಲ್ಲಿ ಒಂದು ಕಲ್ಲು ಮುರಿಯಿತು, ಅದರ ಮೇಲೆ ಯಾರೂ ಇರಲಿಲ್ಲ ಎಂದರೆ ಆ ಪುಣ್ಯಾತ್ಮನಿಗೆ ಅದು ಸುದ್ದಿಯೇ ಅಲ್ಲ. ಅದನ್ನು ಕೇಳಿ ಚಲೋ ಆತು ಅನ್ನುವವರು ಒಬ್ಬರೇ ಇದ್ದರು. ಹೊರಗೆ ಒಣಮೀನಿನ ಅರ್ಧವನ್ನು ಕಾಗೆ ಒಯ್ದಿತ್ತು.

ಈಗ ಅಲ್ಲಿ ಪಂಚಾಯತಿಯವರು ಕಾಂಕ್ರೀಟಿನ ಮೋರಿ ಕಟ್ಟಿದ್ದಾರೆ. ರಿಕ್ಷಾ ಬಾಗಿಲವರೆಗೆ ಬರುತ್ತದೆ. ಕಲ್ಲಿನ ಒಂದು ತುಂಡು ಬುಧವಂತನ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ, ಇನ್ನೊಂದು ಗಟಾರದ ದಂಡೆಯಲ್ಲೇ ಹುಲ್ಲು ಮುಚ್ಚಿ ಬಿದ್ದಿದೆ. ಬದುವೂ ಹುಲ್ಲು ಬೆಳೆದು ಮುಚ್ಚಿಹೋಗಿದೆ. ನಾನೂ ಈಗ ಎಲ್ಲರ ಹಾಗೆ ನೆಟ್ಟಗೆ ಮೋರಿಯ ಮೇಲೇ ಹೋಗುತ್ತೇನೆ. ಸುತ್ತಿ ಹೋಗಲು ಕಾರಣ ಉಳಿದಿಲ್ಲ, ಜೊತೆಯೂ ಇಲ್ಲ.